ಡ್ರೋನ್ ರೂಲ್ಸ್ ಬಗ್ಗೆ ವಾದಕ್ಕಿಳಿಯೋ ಮುಂಚೆ ನಮ್ಮ ಫೀಲ್ಡ್ ಸರಿಮಾಡ್ಕೊಳ್ಳೋದು ಹೇಗೆ

ಆರ್‌ಸಿ, ಅಂದ್ರೆ ರೇಡಿಯೋ ಕಂಟ್ರೋಲ್ ಮಾಡೆಲ್ ಹಾರಿಸೋರು ನಾಲ್ಕು ಜನ ಒಂದ್ಕಡೆ ಸೇರಿದ್ರೆ ಮಾತು ಮೋಟರ್, ಬ್ಯಾಟರಿ ಅಂತ ಶುರುವಾಗಿ ಕೊನೆಗೆ ರೂಲ್ಸ್ ಹತ್ರನೇ ಬಂದು ನಿಲ್ಲುತ್ತೆ. ಹಳಬರು "ನಾವು ಬಾಲ್ಸಾ ಮರ ಕೆತ್ಕೊಂಡು ನಮ್ಮ ಪಾಡಿಗೆ ನಾವಿದ್ವಿ, ಈ ಡ್ರೋನ್‌ನೋರು ಬಂದು ಎಲ್ಲಾ ಕೆಡ್ಸಿದ್ರು" ಅಂತಾರೆ. ಡ್ರೋನ್ ಹುಡುಗ್ರು "ನಿಮ್ಮ ಐದು ಕೆಜಿ ಪ್ಲೇನ್ ಯಾರ್ದಾದ್ರೂ ಮೇಲೆ ಬಿದ್ರೆ ಏನ್ ಗತಿ, ನಮ್ದು ಅಂಗೈ ಅಗಲ ಇದೆ" ಅಂತಾರೆ. ಇನ್ನೊಂದಿಷ್ಟು ಜನಕ್ಕೆ ರಿಜಿಸ್ಟರ್ ಮಾಡ್ಸಿ ನಂಬರ್ ಅಂಟ್ಸಿದ್ರೆ ಮುಗೀತು, ಯಾಕಿಷ್ಟು ಗಲಾಟೆ ಅಂತ. ಮೂರು ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದ್ರೆ ಸಿಗ್ನಲ್ ಹೋದ್ಮೇಲೂ ಪ್ಲೇನು ಫುಲ್ ಥ್ರಾಟಲಲ್ಲಿ, ಅಂದ್ರೆ ಮೋಟರ್ ಪೂರ್ತಿ ಜೋರಲ್ಲಿ, ಓಡ್ತಾನೇ ಇದ್ರೆ ಅದಕ್ಕೆ ಅಂಟ್ಸಿರೋ ನಂಬರ್ ಯಾರನ್ನೂ ಕಾಪಾಡಲ್ಲ, ಬಿದ್ಮೇಲೆ ಯಾರ್ದು ಅಂತ ಹೇಳುತ್ತೆ ಅಷ್ಟೆ. ನಾನು ಹೇಳೋದಿಷ್ಟು: ಸೇಫ್ಟಿ ಮೊದ್ಲು ಬೆಂಚ್ ಮೇಲೆ ಆಗ್ಬೇಕು, ಆಮೇಲೆ ಫೀಲ್ಡಲ್ಲಿ ಆಗ್ಬೇಕು, ಅಷ್ಟನ್ನ ದಿನಾ ಮಾಡ್ತಿರೋ ಗುಂಪು ರೂಲ್ಸ್ ಬರೆಯೋರ ಮುಂದೆ ಹೋಗಿ ಮಾತಾಡಿದ್ರೆ ಆ ಮಾತಿಗೆ ತೂಕ ಇರುತ್ತೆ. ಸೇಫ್ಟಿ, ವಾದ ಎರಡೂ ಹೇಗೆ ಮಾಡೋದು ಅಂತ ನನಗೆ ಗೊತ್ತಿರೋ ಮಟ್ಟಿಗೆ ಬರೀತಿದೀನಿ.

ಜಗಳದ ಮೂಲ ಎಲ್ಲಿದೆ

ಮೊದ್ಲೆಲ್ಲಾ ಆರ್‌ಸಿ ಪ್ಲೇನ್ ಹಾರಿಸ್ಬೇಕು ಅಂದ್ರೆ ಯಾರಾದ್ರೂ ಕಲಿಸ್ಲೇಬೇಕಿತ್ತು. ಪ್ಲೇನ್ ನಮ್ಮ ಕಡೆ ತಿರುಗಿದ ತಕ್ಷಣ ಎಡ ಬಲ ಉಲ್ಟಾ ಆಗುತ್ತೆ, ತಿಂಗಳುಗಟ್ಟಲೆ ಪ್ರಾಕ್ಟೀಸ್ ಇಲ್ದೆ ಕೈಗೆ ಬರಲ್ಲ, ಅದಕ್ಕೆ ಕ್ಲಬ್ಬು, ಫೀಲ್ಡು, ಬೈದು ಹೇಳೋ ಹಿರಿಯರು ಎಲ್ಲಾ ಬೇಕಾಗಿತ್ತು, ಹಾರಿಸೋದು ಕಲಿಯೋ ಜೊತೆಗೇ ಎಲ್ಲಿ ನಿಲ್ಬೇಕು ಎಲ್ಲಿ ಹಾರಿಸ್ಬಾರ್ದು ಅನ್ನೋದೂ ತಲೆಗೆ ಹೋಗ್ತಿತ್ತು. ಜಿಪಿಎಸ್ ಇರೋ ಮಲ್ಟಿರೋಟರ್ (ನಾಲ್ಕಾರು ಪ್ರೊಪೆಲ್ಲರ್ ಇರೋ ಡ್ರೋನ್) ಬಂದ್ಮೇಲೆ ಬಾಕ್ಸ್ ಓಪನ್ ಮಾಡಿದ ದಿನಾನೇ ಯಾರು ಬೇಕಾದ್ರೂ ಹಾರಿಸ್ಬೋದು, ಸ್ಟಿಕ್ ಬಿಟ್ರೆ ಇದ್ದಲ್ಲೇ ನಿಲ್ಲುತ್ತೆ. ಹಾರಿಸೋದು ಸುಲಭ ಆಯ್ತು, ಆದ್ರೆ ಕ್ಲಬ್ಬಲ್ಲಿ ಸಿಗ್ತಿದ್ದ ಆ ಇನ್ನೊಂದು ಪಾಠ ತಪ್ಪಿಹೋಯ್ತು. ಡ್ರೋನ್ ತಗೊಂಡೋರು ಕೆಟ್ಟೋರು ಅಂತೇನಿಲ್ಲ, ಅವರಿಗೆ ಹೇಳೋರು ಯಾರೂ ಇರ್ಲಿಲ್ಲ.

ಹವ್ಯಾಸಿಗಳು ರೂಲ್ಸ್ ಪಾಲಿಸೋದೇ ಇಲ್ಲ ಅನ್ನೋ ಮಾತನ್ನೂ ನಾನು ಒಪ್ಪಲ್ಲ. 2.4 ಗಿಗಾಹರ್ಟ್ಸ್ ರೇಡಿಯೋ ಬರೋ ಮುಂಚೆ ಅಮೆರಿಕದಲ್ಲಿ 72, ಯುರೋಪಲ್ಲಿ 35 ಮೆಗಾಹರ್ಟ್ಸ್ ಸೆಟ್ಟುಗಳಿದ್ವಲ್ಲ, ಆಗ ಫೀಲ್ಡಲ್ಲಿ ಒಂದೊಂದು ಚಾನೆಲಿಗೂ ಒಂದೊಂದು ಪಿನ್ ಸಿಕ್ಕಿಸಿರೋ ಫ್ರೀಕ್ವೆನ್ಸಿ ಬೋರ್ಡ್ ಇರ್ತಿತ್ತು. ನಿಮ್ಮ ಚಾನೆಲ್‌ನ ಪಿನ್ ಕೈಯಲ್ಲಿಲ್ದೆ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯೋ ಕಂಟ್ರೋಲರ್) ಆನ್ ಮಾಡಂಗಿಲ್ಲ, ಮಾಡಿದ್ರೆ ಅದೇ ಚಾನೆಲಲ್ಲಿ ಹಾರ್ತಿರೋ ಇನ್ನೊಬ್ರ ಪ್ಲೇನ್ ನೆಲಕ್ಕೆ. ಯಾವ ಇನ್ಸ್‌ಪೆಕ್ಟರೂ ಬಂದು ನೋಡ್ತಿರ್ಲಿಲ್ಲ, ಆದ್ರೂ ಎಲ್ರೂ ಪಾಲಿಸ್ತಿದ್ರು, ಕಾರಣ ಕಣ್ಣಿಗೆ ಕಾಣ್ತಿತ್ತು. ಯಾಕೆ ಅಂತ ಅರ್ಥ ಆಗೋ ರೂಲ್ ಇದ್ರೆ ಜನ ಪಾಲಿಸ್ತಾರೆ, ಇದನ್ನ ರೂಲ್ಸ್ ಬರೆಯೋರಿಗೆ ಹೇಳ್ಲೇಬೇಕು.

ಅಮೆರಿಕದಲ್ಲಿ ಈ ಜಗಳ ಸಂಸತ್ತು, ಕೋರ್ಟು ಎರಡನ್ನೂ ನೋಡಿ ಬಂದಿದೆ. ಅಲ್ಲಿ 1936ರಿಂದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಅಂತ ಹವ್ಯಾಸಿಗಳ ಸಂಸ್ಥೆ ಇದೆ, ಅವರದೇ ಸೇಫ್ಟಿ ಕೋಡ್ ಇದೆ. 1981ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಒಂದು ಚಿಕ್ಕ ಸುತ್ತೋಲೆ ಕೊಡ್ತು, 400 ಅಡಿ ಒಳಗೆ ಹಾರಿಸಿ, ಜನ ಇರೋ ಕಡೆ ಬೇಡ ಅಂತ, ಅದೂ ಕಡ್ಡಾಯ ಅಲ್ಲ. 2012ರಲ್ಲಿ ಸಂಸತ್ತಿನ ಕಾಯ್ದೆಯೊಂದರಲ್ಲಿ ಸೆಕ್ಷನ್ 336 ಬಂದು, ಇಂಥ ಸಂಸ್ಥೆಗಳ ನಿಯಮದಂತೆ ಹಾರಿಸೋ ಮಾಡೆಲ್‌ಗಳ ಮೇಲೆ ಹೊಸ ರೂಲ್ ಮಾಡ್ಬೇಡಿ ಅಂತ ಎಫ್‌ಎಎಗೇ ಕಟ್ಟು ಹಾಕ್ತು. 2015ರ ಡಿಸೆಂಬರಲ್ಲಿ 250 ಗ್ರಾಂಗಿಂತ ಜಾಸ್ತಿ ಇರೋದನ್ನ ಹಾರಿಸೋರೆಲ್ಲಾ ರಿಜಿಸ್ಟರ್ ಆಗಿ ಅಂದ್ರು, ಒಬ್ಬ ಹವ್ಯಾಸಿ ಕೋರ್ಟಿಗೆ ಹೋಗಿ 2017ರ ಮೇನಲ್ಲಿ ಗೆದ್ರು, ಅದೇ ವರ್ಷ ಡಿಸೆಂಬರಲ್ಲಿ ಸಂಸತ್ತು ರಿಜಿಸ್ಟ್ರೇಶನ್ ವಾಪಸ್ ತಂತು, 2018ರಲ್ಲಿ 336ನ್ನೇ ತೆಗೆದುಹಾಕ್ತು. ಕೋರ್ಟಲ್ಲಿ ಗೆದ್ದದ್ದು ಒಂದು ವರ್ಷನೂ ಉಳೀಲಿಲ್ಲ. "ನಮ್ಮನ್ನ ಬಿಟ್ಬಿಡಿ" ಅನ್ನೋ ವಾದದ ಮೇಲೊಂದೇ ಭಾರ ಹಾಕಿ ಕೂತ್ರೆ ಆಗಲ್ಲ ಅಂತ ನಾನು ಹೇಳೋದು ಇದಕ್ಕೇ.

ತೂಕ ಒಂದೇ ನೋಡ್ಬೇಡಿ

250 ಗ್ರಾಂ ಅನ್ನೋ ಗೆರೆ ಎಷ್ಟೋ ಕಡೆ ಇದೆ, ಭಾರತದ 2021ರ ಡ್ರೋನ್ ರೂಲ್ಸಲ್ಲೂ 250 ಗ್ರಾಂವರೆಗಿನದು ನ್ಯಾನೋ. ಅದಕ್ಕೇ 249 ಗ್ರಾಂ ಡ್ರೋನ್‌ಗಳು ಮಾರ್ಕೆಟ್ ತುಂಬಾ ಬಂದಿರೋದು. ಈ ಗೆರೆ ಶಾಶ್ವತ ಅಂತ ಅಂದ್ಕೋಬೇಡಿ, ಬ್ರಿಟನ್‌ನೋರು 2026ರ ಜನವರಿ 1ರಿಂದ ಫ್ಲೈಯರ್ ಐಡಿ (ಟೆಸ್ಟ್ ಪಾಸ್ ಮಾಡಿ ತಗೊಳ್ಳೋ ನಂಬರ್) 100 ಗ್ರಾಂನಿಂದಾನೇ ಬೇಕು ಅಂತ ಮಾಡಿದಾರೆ. ಇನ್ನೊಂದು, ತೂಕ ಅಂದ್ರೆ ಹಾರೋವಾಗಿನ ಪೂರ್ತಿ ತೂಕ, ದೊಡ್ಡ ಬ್ಯಾಟರಿ ಹಾಕಿದ್ರೆ, ಪ್ರಾಪ್ (ಪ್ರೊಪೆಲ್ಲರ್) ಗಾರ್ಡ್ ಸಿಕ್ಕಿಸಿದ್ರೆ 249 ಅಂತ ಬಾಕ್ಸ್ ಮೇಲೆ ಬರೆದಿರೋದಕ್ಕೆ ಬೆಲೆ ಇಲ್ಲ. ತಕ್ಕಡಿ ಮೇಲಿಟ್ಟು ನೋಡಿ.

ಪೆಟ್ಟಿನ ಲೆಕ್ಕಕ್ಕೆ ತೂಕದ ಜೊತೆ ವೇಗನೂ ಬೇಕು, ಕೆಜಿಯಲ್ಲಿ ತೂಕದ ಅರ್ಧಕ್ಕೆ ಸೆಕೆಂಡಿಗೆ ಮೀಟರ್ ಲೆಕ್ಕದ ವೇಗದ ವರ್ಗ ಗುಣಿಸಿದ್ರೆ ಶಕ್ತಿ ಜೌಲ್ ಲೆಕ್ಕದಲ್ಲಿ ಬರುತ್ತೆ. 249 ಗ್ರಾಂ ಡ್ರೋನ್ ಸೆಕೆಂಡಿಗೆ 15 ಮೀಟರಲ್ಲಿ ಬಂದ್ರೆ ಸುಮಾರು 28 ಜೌಲ್. ಒಂದೂವರೆ ಕೆಜಿ ಫೋಮ್ ಟ್ರೈನರ್ (ಕಲಿಯೋರ ಪ್ಲೇನ್) ಅದೇ ವೇಗದಲ್ಲಿ ಸುಮಾರು 169. ಐದು ಕೆಜಿ ಪ್ಲೇನ್ ಸೆಕೆಂಡಿಗೆ 30 ಮೀಟರಲ್ಲಿ ಬಂದ್ರೆ 2250. ವೇಗ ಎರಡು ಪಟ್ಟಾದ್ರೆ ಪೆಟ್ಟು ನಾಲ್ಕು ಪಟ್ಟು, ಹಾಗಾಗಿ ನಿಮ್ಮ ಹತ್ರ ಇರೋ ಒಂದೊಂದು ಮಾಡೆಲ್‌ಗೂ ಈ ಲೆಕ್ಕ ಹಾಕಿ ಅದರ ಹೊಟ್ಟೆ ಮೇಲೆ ಮಾರ್ಕರಲ್ಲಿ ಬರೆದಿಡಿ, ಯಾವುದನ್ನ ಎಲ್ಲಿ ಹಾರಿಸ್ಬೋದು ಅನ್ನೋದು ಆ ನಂಬರ್ ನೋಡಿದ್ರೆ ತಾನಾಗೇ ತೀರ್ಮಾನ ಆಗುತ್ತೆ. ಹಳಬರು ಡ್ರೋನ್‌ನೋರ ಮೇಲೆ ಕೂಗಾಡೋ ಮುಂಚೆ ಈ ಲೆಕ್ಕ ಒಂದ್ಸಲ ಹಾಕೋದು ಒಳ್ಳೇದು.

ಫೇಲ್‌ಸೇಫ್: ಇಲ್ಲಿ ಟೈಮ್ ಕೊಡಿ

ಇಡೀ ಬರಹದಲ್ಲಿ ಒಂದೇ ಒಂದು ಮಾಡ್ತೀನಿ ಅಂದ್ರೆ ಇದನ್ನ ಮಾಡಿ. ಮಾಡೆಲ್ ಒಳಗಿನ ರಿಸೀವರಿಗೆ ಟ್ರಾನ್ಸ್‌ಮಿಟರ್ ಸಿಗ್ನಲ್ ಸಿಗದೇ ಹೋದಾಗ ಏನ್ ಮಾಡ್ಬೇಕು ಅಂತ ಮುಂಚೆನೇ ಹೇಳಿಡೋದೇ ಫೇಲ್‌ಸೇಫ್. ಕೆಲವು ರಿಸೀವರ್‌ಗಳಲ್ಲಿ ಹೋಲ್ಡ್ ಅಂತ ಇರುತ್ತೆ, ಕೊನೆಗೆ ಯಾವ ಕಮಾಂಡ್ ಬಂದಿತ್ತೋ ಅದನ್ನೇ ಹಿಡ್ಕೊಂಡಿರುತ್ತೆ. ನೀವು ಫುಲ್ ಥ್ರಾಟಲಲ್ಲಿ ಮೇಲೆ ಏರಿಸ್ತಿದ್ದಾಗ ಸಿಗ್ನಲ್ ಹೋದ್ರೆ ಅದು ಹಾಗೇ ಹೋಗ್ತಾ ಇರುತ್ತೆ, ಯಾವ ಊರಿನ ಮೇಲೆ ಬೀಳುತ್ತೋ ದೇವರಿಗೇ ಗೊತ್ತು. ಥ್ರಾಟಲ್ ಚಾನೆಲಿಗೆ ಹೋಲ್ಡ್ ಯಾವತ್ತೂ ಬೇಡ, ಮೋಟರ್ ಕಟ್ ಆಗೋ ಹಾಗೇ ಸೆಟ್ ಮಾಡಿ. ಗ್ಲೈಡರ್ ಆದ್ರೆ ಅದ್ರ ಜೊತೆಗೆ ಸ್ವಲ್ಪ ರಡ್ಡರ್ (ಎಡ ಬಲ ತಿರುಗಿಸೋ ಬಾಲದ ಪಟ್ಟಿ), ಸ್ವಲ್ಪ ಅಪ್ ಎಲಿವೇಟರ್ (ಮೂತಿ ಏರಿಸಿ ಇಳಿಸೋ ಬಾಲದ ಪಟ್ಟಿ) ಕೊಟ್ಟಿಟ್ರೆ ದೂರ ಹೋಗದೆ ಇದ್ದಲ್ಲೇ ಸುತ್ತು ಹಾಕ್ತಾ ಇಳಿಯುತ್ತೆ.

ಟೆಸ್ಟ್ ಮಾಡೋದು ಹೀಗೆ. ಪ್ರಾಪ್ ಬಿಚ್ಚಿ ಪಕ್ಕಕ್ಕಿಡಿ, "ಒಂದ್ಸಲ ತಾನೇ" ಅಂತ ಬಿಡ್ಬೇಡಿ, ಬಿಚ್ಚಿ. ಮಾಡೆಲನ್ನ ಯಾರಾದ್ರೂ ಹಿಂದಿನಿಂದ ಹಿಡ್ಕೊಳ್ಳಲಿ. ಮೊದ್ಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ಬ್ಯಾಟರಿ. ಥ್ರಾಟಲ್ ಕಾಲು ಭಾಗಕ್ಕೆ ತಂದು ಮೋಟರ್ ತಿರುಗ್ತಿರೋವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್ ಶಬ್ದ ಕೇಳಿಸ್ಕೊಳ್ಳಿ, ಒಂದೆರಡು ಕ್ಷಣದಲ್ಲಿ ಪೂರ್ತಿ ನಿಲ್ಬೇಕು, ನಿಧಾನ ಆಗಿ ತಿರುಗ್ತಾನೇ ಇದ್ರೆ ಸೆಟ್ ಆಗಿಲ್ಲ ಅಂತ. ಐಲೆರಾನ್ (ಪ್ಲೇನ್ ವಾಲಿಸೋ ರೆಕ್ಕೆ ಅಂಚಿನ ಪಟ್ಟಿ), ಎಲಿವೇಟರ್ ಎಲ್ಲಿ ಹೋಗಿ ನಿಂತ್ವು ಅಂತ ನೋಡಿ. ಈಗ ಥ್ರಾಟಲ್ ಸ್ಟಿಕ್ ಕೆಳಗೆ ತಂದು ಮತ್ತೆ ಆನ್ ಮಾಡಿ ಕಂಟ್ರೋಲ್ ವಾಪಸ್ ಬರುತ್ತಾ ನೋಡಿ. ರಿಸೀವರ್ ಮತ್ತೆ ಬೈಂಡ್ ಮಾಡಿದ್ರೆ, ಅಂದ್ರೆ ಟ್ರಾನ್ಸ್‌ಮಿಟರಿಗೆ ಜೋಡಿ ಮಾಡಿದ್ರೆ, ಎಷ್ಟೋ ಸಲ ಹಳೇ ಫೇಲ್‌ಸೇಫ್ ಹೊರಟುಹೋಗಿರುತ್ತೆ, ಹಾಗಾಗಿ ಬೈಂಡ್ ಮಾಡಿದಾಗೆಲ್ಲಾ ಈ ಟೆಸ್ಟ್ ಮತ್ತೆ ಮಾಡ್ಬೇಕು.

ಡ್ರೋನ್‌ನೋರಿಗೆ ಇದರ ಬದ್ಲು ರಿಟರ್ನ್ ಟು ಹೋಮ್, ಸಿಗ್ನಲ್ ಹೋದ್ರೆ ಹೊರಟ ಜಾಗಕ್ಕೆ (ಹೋಮ್ ಪಾಯಿಂಟ್) ತಾನೇ ವಾಪಸ್ ಬರೋದು. ಅದರ ಎತ್ತರವನ್ನ ಸುತ್ತಲಿನ ಮರ, ಟವರ್ ಎಲ್ಲದಕ್ಕಿಂತ ಮೇಲೆ ಇಡಿ, ಆದ್ರೆ ಕಾನೂನಿನ ಮಿತಿ ಒಳಗೆ. ಹೋಮ್ ಪಾಯಿಂಟ್ ರೆಕಾರ್ಡ್ ಆಗೋವರೆಗೂ ಟೇಕಾಫ್ ಬೇಡ. ಮರದ ಕೆಳಗೋ ಛಾವಣಿ ಕೆಳಗೋ ಹಾರಿಸ್ತಿದ್ರೆ ಸಿಗ್ನಲ್ ಹೋದ ತಕ್ಷಣ ಅದು ನೇರ ಮೇಲೆ ಏರೋಕೆ ನೋಡುತ್ತೆ, ಅಲ್ಲೇ ತಗುಲಿ ಬೀಳುತ್ತೆ, ಅಂಥ ಜಾಗದಲ್ಲಿ ಸಿಗ್ನಲ್ ಹೋದ್ರೆ ಇದ್ದಲ್ಲೇ ನಿಲ್ಲು ಅಂತ ಸೆಟ್ ಮಾಡೋ ಆಪ್ಷನ್ ಇದ್ರೆ ಅದನ್ನ ಆರಿಸ್ಕೊಳ್ಳಿ.

ಬೆಂಚ್ ಮೇಲಿನ ಉಳಿದ ಕೆಲಸ

ಪ್ಲೇನ್ ಹಿಂದೆ ನಿಂತ್ಕೊಳ್ಳಿ. ಸ್ಟಿಕ್ ಬಲಕ್ಕೆ ತಳ್ಳಿದ್ರೆ ಬಲಗಡೆ ಐಲೆರಾನ್ ಮೇಲೇಳ್ಬೇಕು. ಎಲಿವೇಟರ್ ಸ್ಟಿಕ್ ನಿಮ್ಮ ಕಡೆ ಎಳೆದ್ರೆ ಎಲಿವೇಟರ್ ಮೇಲೇಳ್ಬೇಕು. ಸರ್ವೋ (ಈ ಪಟ್ಟಿಗಳನ್ನ ಅಲ್ಲಾಡಿಸೋ ಚಿಕ್ಕ ಮೋಟರ್) ಬದಲಾಯ್ಸಿದ ಮೇಲೆ, ಟ್ರಾನ್ಸ್‌ಮಿಟರಲ್ಲಿ ಮಾಡೆಲ್ ಮೆಮೊರಿ ಬದಲಾಯ್ಸಿದ ಮೇಲೆ ಇದು ಉಲ್ಟಾ ಆಗಿರೋದು ತುಂಬಾ ಸಾಮಾನ್ಯ, ಟೇಕಾಫ್ ಆಗಿ ಎರಡು ಸೆಕೆಂಡಿಗೆ ರೆಕ್ಕೆ ನೆಲ ಕಚ್ಚುತ್ತೆ. "ಅಲ್ಲಾಡ್ತಿದೆ" ಅನ್ನೋದು ಚೆಕ್ ಅಲ್ಲ, ಯಾವ ಕಡೆ ಅಲ್ಲಾಡ್ತಿದೆ ಅನ್ನೋದು ಚೆಕ್. ಜೈರೋ (ವಾಲಿದ್ದನ್ನ ತಾನೇ ಸರಿ ಮಾಡೋ ಸೆನ್ಸರ್) ಇದ್ರೆ ಅದನ್ನ ಬೇರೆಯಾಗೇ ನೋಡ್ಬೇಕು: ಸ್ಟಿಕ್ ಮುಟ್ಟದೆ ಪ್ಲೇನ್ ಕೈಯಲ್ಲಿ ಹಿಡಿದು ಬಲ ರೆಕ್ಕೆ ಕೆಳಗೆ ಬಾಗ್ಸಿ, ಬಲಗಡೆ ಐಲೆರಾನ್ ಕೆಳಗೆ ಇಳೀಬೇಕು, ಅಂದ್ರೆ ಆ ರೆಕ್ಕೆ ಎತ್ತೋಕೆ ನೋಡ್ತಿದೆ ಅಂತ. ಸ್ಟಿಕ್ ಸರಿ ಇದ್ದು ಜೈರೋ ಮಾತ್ರ ಉಲ್ಟಾ ಇದ್ರೆ ಈ ಟೆಸ್ಟ್ ಮಾಡದೆ ನೆಲದ ಮೇಲೆ ಏನೂ ಗೊತ್ತಾಗಲ್ಲ.

ಸಿಜಿ, ಅಂದ್ರೆ ಪ್ಲೇನ್ ತೂಕ ಸಮ ಆಗೋ ಜಾಗ, ಮಾಮೂಲಿ ಟ್ರೈನರಿಗೆ ರೆಕ್ಕೆಯ ಮುಂದಿನ ಅಂಚಿಂದ ರೆಕ್ಕೆ ಅಗಲದ ಶೇಕಡಾ 25ರಿಂದ 33ರ ಒಳಗೆ ಇರ್ಬೇಕು, ಹಿಂದಕ್ಕೆ ಹೋದಷ್ಟೂ ಪ್ಲೇನ್ ಹಿಡಿತಕ್ಕೆ ಸಿಗಲ್ಲ. ಟ್ರಾನ್ಸ್‌ಮಿಟರಲ್ಲಿ ರೇಂಜ್ ಚೆಕ್ ಮೋಡ್ ಇದ್ರೆ ಪವರ್ ಕಮ್ಮಿ ಮಾಡಿ ಸುಮಾರು 30 ಹೆಜ್ಜೆ ದೂರ ಹೋಗಿ ಎಲ್ಲಾ ಸರ್ಫೇಸ್ ಅಲ್ಲಾಡ್ಸಿ ನೋಡಿ.

ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಬಗ್ಗೆ ಸ್ವಲ್ಪ. ಫುಲ್ ಆದ್ರೆ ಸೆಲ್ಲಿಗೆ 4.2 ವೋಲ್ಟ್, ಎತ್ತಿಡೋವಾಗ 3.8ರ ಹತ್ರ, 3.0ಕ್ಕಿಂತ ಕೆಳಗೆ ಹೋಗಿದ್ರೆ ಅದನ್ನ ಮತ್ತೆ ಚಾರ್ಜಿಗೆ ಹಾಕೋ ಸಾಹಸ ಬೇಡ. ಚಾರ್ಜ್ 1ಸಿ ಅಂದ್ರೆ 2200 ಎಂಎಎಚ್ ಪ್ಯಾಕಿಗೆ 2.2 ಆಂಪ್ಸ್. ಚಾರ್ಜರಲ್ಲಿ ಸೆಲ್ ಲೆಕ್ಕ ಸರಿ ಇದ್ಯಾ ಅಂತ ನೋಡದೇ ಸ್ಟಾರ್ಟ್ ಒತ್ಬೇಡಿ, ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗ್ಬೇಡಿ, ಉಬ್ಬಿರೋದನ್ನ ಇನ್ನೊಂದು ಫ್ಲೈಟ್ ಅಂತ ಎಳೀಬೇಡಿ. ಕ್ರ್ಯಾಶ್ ಆದ ಪ್ಯಾಕ್ ನೋಡೋಕೆ ಚೆನ್ನಾಗೇ ಇದ್ರೂ ಸ್ವಲ್ಪ ಹೊತ್ತಾದ್ಮೇಲೆ ಹೊತ್ಕೊಳ್ಳೋದುಂಟು, ಕಾರೊಳಗೆ ಇಡದೆ ಹೊರಗೆ ಬರೀ ನೆಲದ ಮೇಲೆ ಕಣ್ಣಿಗೆ ಕಾಣೋ ಹಾಗೆ ಇಡಿ.

ಫೀಲ್ಡಲ್ಲಿ

ನೆಲದ ಮೇಲೆ ಒಂದು ಗೆರೆ (ಫ್ಲೈಟ್ ಲೈನ್) ಹಾಕಿ, ಹಗ್ಗ ಕಟ್ಟಿದ್ರೂ ಸಾಕು. ಹಾರಿಸೋರು ಗೆರೆ ಹತ್ರ ಸಾಲಾಗಿ, ನೋಡೋರು, ಮಕ್ಕಳು, ಕಾರುಗಳು ಎಲ್ಲಾ ಹಿಂದೆ. ಪ್ಲೇನ್ ಯಾವ ಕಾರಣಕ್ಕೂ ಗೆರೆ ಈಚೆ ಬರಂಗಿಲ್ಲ. ಫ್ರೆಂಡ್ ವಿಡಿಯೋ ತೆಗೀತಿದಾನೆ ಅಂತ ತಲೆ ಮೇಲಿಂದ ತರೋದು ನಿಲ್ಲಿಸಿದ್ರೇನೇ ಅರ್ಧ ಅಪಾಯ ಹೋಯ್ತು. ಇಳಿಸೋವಾಗ "ಲ್ಯಾಂಡಿಂಗ್" ಅಂತ, ಮೋಟರ್ ನಿಂತ್ರೆ "ಡೆಡ್ ಸ್ಟಿಕ್" ಅಂತ ಗಟ್ಟಿಯಾಗಿ ಕೂಗಿ, ಡೆಡ್ ಸ್ಟಿಕ್ ಆದೋರಿಗೆ ಎಲ್ರೂ ಜಾಗ ಬಿಡ್ಬೇಕು. ಪ್ರಾಪ್ ತಿರುಗ್ತಿರೋವಾಗ ಅದರ ಪಕ್ಕಕ್ಕೆ, ಅಂದ್ರೆ ಬ್ಲೇಡ್ ಮುರಿದ್ರೆ ಹಾರಿ ಬರೋ ನೇರಕ್ಕೆ ಯಾರೂ ನಿಲ್ಬಾರ್ದು.

ದೊಡ್ಡ ಆರ್‌ಸಿ ಹೆಲಿಕಾಪ್ಟರ್ ಬಗ್ಗೆ ಇನ್ನೂ ಹುಷಾರು ಬೇಕು. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಪಾರ್ಕೊಂದರಲ್ಲಿ 19 ವರ್ಷದ, ಚೆನ್ನಾಗಿ ಹಾರಿಸೋಕೆ ಬರ್ತಿದ್ದ ಹುಡುಗ ತನ್ನದೇ ಹೆಲಿಕಾಪ್ಟರ್ ಬ್ಲೇಡ್ ತಗುಲಿ ತೀರ್ಕೊಂಡ. ಕೈ ಪಳಗಿದೆ ಅಂತ ದೂರ ಕಮ್ಮಿ ಮಾಡ್ಬೇಡಿ.

ಪ್ಲೇನು, ಎಫ್‌ಪಿವಿ ಕ್ವಾಡ್ (ಗಾಗಲಲ್ಲಿ ಡ್ರೋನ್ ಕ್ಯಾಮೆರಾ ನೋಡ್ತಾ ಹಾರಿಸೋದು) ಎರಡೂ ಒಂದೇ ಫೀಲ್ಡಲ್ಲಿ ಇದ್ರೆ ಟೈಮ್ ಹಂಚ್ಕೊಳ್ಳಿ, ಅರ್ಧ ಗಂಟೆ ಇವರು ಅರ್ಧ ಗಂಟೆ ಅವರು. ಗಾಗಲ್ ಹಾಕ್ಕೊಂಡೋರಿಗೆ ಪಕ್ಕದಲ್ಲಿ ಏನ್ ಬರ್ತಿದೆ ಅಂತ ಕಾಣಲ್ಲ, ಹಾಗಾಗಿ ಅವರ ಪಕ್ಕ ಆಕಾಶ ನೋಡ್ತಾ ಎಚ್ಚರಿಸೋ ಒಬ್ಬ ಸ್ಪಾಟರ್ ನಿಂತಿರ್ಲೇಬೇಕು, ಆ ಸ್ಪಾಟರ್ ಫೋನ್ ನೋಡ್ಕೊಂಡು ನಿಂತ್ರೆ ಇಲ್ಲದಂಗೇ ಲೆಕ್ಕ.

ಕಣ್ಣಳತೆ ಮತ್ತು ಮೇಲಿನ ವಿಮಾನ

ಹೆಚ್ಚಿನ ದೇಶಗಳ ರೂಲ್ಸಲ್ಲಿ ಬರೋ ಒಂದು ಮಾತು, ಹಾರಿಸ್ತಿರೋದು ಕಣ್ಣಿಗೆ ಕಾಣ್ತಿರ್ಬೇಕು ಅನ್ನೋದು. ಸ್ಕ್ರೀನಲ್ಲಿ ಕಾಣ್ತಿದೆ ಅಂದ್ರೆ ಆಗಲ್ಲ. 2017ರ ಸೆಪ್ಟೆಂಬರ್ 21ಕ್ಕೆ ನ್ಯೂಯಾರ್ಕ್ ಹತ್ರ ಒಂದು ಫ್ಯಾಂಟಮ್ 4 ಡ್ರೋನ್ ಹೋಗಿ ಅಮೆರಿಕದ ಸೈನ್ಯದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಬಡೀತು. ಹಾರಿಸ್ತಿದ್ದವರು ಎರಡೂವರೆ ಮೈಲಿ ದೂರ ಇದ್ರು, ಸ್ಕ್ರೀನ್ ನಂಬ್ಕೊಂಡಿದ್ರು, ತನಿಖೆಯೋರು ಬಂದು ಕೇಳೋವರೆಗೂ ಡಿಕ್ಕಿ ಆಗಿದ್ದೇ ಅವರಿಗೆ ಗೊತ್ತಿರ್ಲಿಲ್ಲ. ಹೆಲಿಕಾಪ್ಟರ್ ಸೇಫಾಗಿ ಇಳೀತು, ಮೇನ್ ರೋಟರ್ ಬ್ಲೇಡಿಗೆ ಒಂದೂವರೆ ಇಂಚು ಪೆಟ್ಟು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬೆಂಕಿ ಆರಿಸ್ತಿದ್ದ ಸೂಪರ್ ಸ್ಕೂಪರ್ ವಿಮಾನದ ರೆಕ್ಕೆಗೆ ಡ್ರೋನೊಂದು ಹೊಡೆದು ತೂತು ಮಾಡ್ತು, ರಿಪೇರಿಗೆ ಅಂತ ವಿಮಾನ ನೆಲದಲ್ಲೇ ಕೂರ್ಬೇಕಾಯ್ತು, ಊರು ಉರೀತಿರೋ ಹೊತ್ತಲ್ಲಿ. ಅಲ್ಲೂ ಹಾರಿಸಿದವರಿಗೆ ಡ್ರೋನ್ ಕಣ್ಣಿಂದ ಮರೆಯಾಗಿತ್ತು.

ಮೇಲಿಂದ ಬರೋ ಪೈಲಟ್ಟಿಗೆ ನಿಮ್ಮ ಡ್ರೋನ್ ಕಾಣಲ್ಲ ಅಂತಾನೇ ತಿಳ್ಕೊಳ್ಳಿ, ದಾರಿ ಬಿಡೋ ಕೆಲಸ ಪೂರ್ತಿ ನಮ್ದೇ. ಹೆಲಿಕಾಪ್ಟರ್ ಶಬ್ದ ಕೇಳಿದ ತಕ್ಷಣ, ಇನ್ನೂ ಕಾಣದಿದ್ರೂ, ಇಳಿಸೋಕೆ ಶುರು ಮಾಡಿ. ಯಾವ ಕಡೆಯಿಂದ ಬರ್ತಿದೆ ಅಂತ ಹುಡುಕ್ತಾ ನಿಂತ್ರೆ ಟೈಮ್ ಸಾಲಲ್ಲ. 400 ಅಡಿ ಅಂದ್ರೆ ಸುಮಾರು 120 ಮೀಟರ್, ಯುರೋಪ್ ಭಾರತ ಅಮೆರಿಕ ಎಲ್ಲಾ ಕಡೆ ಹೆಚ್ಚುಕಮ್ಮಿ ಇದೇ ಮಿತಿ. ಬರೀ ಕಣ್ಣಲ್ಲಿ ನೋಡಿ ಎತ್ತರ ಅಂದಾಜು ಮಾಡೋಕಾಗಲ್ಲ, ಪ್ಲೇನಿಗೆ ಎತ್ತರ ಅಳೆದು ಕೆಳಗಿನ ಟ್ರಾನ್ಸ್‌ಮಿಟರಿಗೆ ಕಳಿಸೋ (ಟೆಲಿಮೆಟ್ರಿ ಇರೋ) ಆಲ್ಟಿಮೀಟರ್ ಹಾಕಿ 100 ಮೀಟರಿಗೆ ಬೀಪ್ ಆಗೋ ಹಾಗೆ ಇಡಿ. ಹೊರಡೋ ಮುಂಚೆ ನಿಮ್ಮ ದೇಶದ ಅಧಿಕೃತ ಮ್ಯಾಪಲ್ಲಿ ಆ ದಿನದ ನಿರ್ಬಂಧ ನೋಡಿ, ಡ್ರೋನ್ ಜೊತೆ ಬಂದ ಆ್ಯಪ್ ಏನೂ ಹೇಳ್ಲಿಲ್ಲ ಅಂದ್ರೆ ನಿರ್ಬಂಧ ಇಲ್ಲ ಅಂತ ಅಲ್ಲ.

ಈಗ ವಾದಕ್ಕೆ ಬನ್ನಿ

ಕರಡು ರೂಲ್ಸ್ ಬಂದಾಗ ಆಕ್ಷೇಪಣೆ ಕಳ್ಸಿದ್ರೆ ಏನೂ ಆಗಲ್ಲ ಅಂತ ತುಂಬಾ ಜನ ಸುಮ್ನಾಗ್ತಾರೆ. ನಾನಿದನ್ನ ಒಪ್ಪಲ್ಲ. ಅಮೆರಿಕದಲ್ಲಿ ರಿಮೋಟ್ ಐಡಿ, ಅಂದ್ರೆ ಹಾರ್ತಿರೋದು ಯಾವ್ದು, ಎಲ್ಲಿದೆ, ಎಲ್ಲಿಂದ ಹೊರಟಿದೆ ಅಂತ ರೇಡಿಯೋದಲ್ಲಿ ಹೇಳ್ತಾ ಇರೋ ವ್ಯವಸ್ಥೆ, ಅದರ ಕರಡು 2019ರ ಡಿಸೆಂಬರಲ್ಲಿ ಬಂತು. ಅದ್ರಲ್ಲಿ ಇಂಟರ್ನೆಟ್ ಕನೆಕ್ಷನ್ ಬೇಕು ಅಂತಿತ್ತು. ರಿಮೋಟ್ ಐಡಿ ಇಲ್ದೆ ಹಾರಿಸೋಕೆ ಕ್ಲಬ್ ಫೀಲ್ಡ್‌ಗಳಿಗೆ ಅನುಮತಿ ಕೊಡ್ತೀವಿ, ಆದ್ರೆ ಅರ್ಜಿ 12 ತಿಂಗಳ ಒಳಗೆ ಹಾಕ್ಬೇಕು, ಆಮೇಲೆ ಇಲ್ಲ ಅಂತಾನೂ ಇತ್ತು. ಸುಮಾರು 53,000 ಅಭಿಪ್ರಾಯಗಳು ಹೋದ್ವು. ಅಂತಿಮ ರೂಲಲ್ಲಿ ಇಂಟರ್ನೆಟ್ ಷರತ್ತೂ ಹೋಯ್ತು, 12 ತಿಂಗಳ ಗಡುವೂ ಹೋಯ್ತು. ರಿಮೋಟ್ ಐಡಿ ಮಾತ್ರ ಉಳೀತು. ಭಾರತದಲ್ಲೂ 2021ರ ಮಾರ್ಚಲ್ಲಿ ಬಂದ ರೂಲ್ಸ್ ಮೇಲೆ ತುಂಬಾ ಟೀಕೆ ಬಂದು ಆಗಸ್ಟಲ್ಲಿ ಹೊಸದು ಬಂತು, ಫಾರಂಗಳು 25ರಿಂದ 5ಕ್ಕೆ ಇಳಿದ್ವು. ಯುರೋಪಿನ 2019/947 ನಿಯಮದ 16ನೇ ವಿಧಿಯಲ್ಲಿ ಮಾಡೆಲ್ ಕ್ಲಬ್‌ಗಳಿಗೇ ಬೇರೆ ಅನುಮತಿ ಕೊಡೋ ದಾರಿ ಇದೆ, ನಿಮ್ಮಲ್ಲಿ ಅದಿಲ್ಲ ಅಂದ್ರೆ ಅದನ್ನೇ ಮಾದರಿಯಾಗಿ ತೋರ್ಸಿ ಕೇಳ್ಬೋದು.

ಬರೆಯೋವಾಗ ಸಿಟ್ಟು ಬೇಡ, ಒಬ್ರು ಬರೆದಿದ್ದನ್ನ ನೂರು ಜನ ಕಾಪಿ ಮಾಡಿ ಕಳಿಸೋದೂ ಬೇಡ. ಕರಡಿನ ಯಾವ ಕಲಂ, ಅದ್ರಿಂದ ನಿಮ್ಮ ಫೀಲ್ಡಲ್ಲಿ ಏನ್ ನಿಲ್ಲುತ್ತೆ, ಅದರ ಬದ್ಲು ಯಾವ ವಾಕ್ಯ ಇರ್ಬೇಕು, ಈ ಮೂರು ಬರೀರಿ. ಉದಾಹರಣೆಗೆ "400 ಅಡಿ ಮಿತಿ ಅನ್ಯಾಯ" ಅಂತ ಬರೆದ್ರೆ ಓದೋರಿಗೆ ಏನೂ ಸಿಗಲ್ಲ. "ಮೂರು ಮೀಟರ್ ರೆಕ್ಕೆಯ ಗ್ಲೈಡರ್ ಥರ್ಮಲ್ (ಮೇಲೇರೋ ಬಿಸಿ ಗಾಳಿ) ಹಿಡಿದ್ರೆ 400 ಅಡಿ ದಾಟುತ್ತೆ, ಆ ಎತ್ತರದಲ್ಲೂ ಅದು ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತೆ, ನಮ್ಮ ಫೀಲ್ಡ್ ಇಂಥ ಕಡೆ ಇದೆ, ಹತ್ತಿರದ ಏರ್‌ಪೋರ್ಟ್ ಇಷ್ಟು ದೂರ, ಪ್ರತಿ ಫ್ಲೈಟಿಗೂ ಸ್ಪಾಟರ್ ಇರ್ತಾರೆ, ಆಲ್ಟಿಮೀಟರ್ ಕಡ್ಡಾಯ, ಹಾಗಾಗಿ ಗುರುತಾದ ಫೀಲ್ಡ್‌ಗಳಿಗೆ ಜಾಗ ನೋಡಿ ಬೇರೆ ಎತ್ತರ ಕೊಡೋ ಅವಕಾಶ ಈ ಕಲಂಗೆ ಸೇರ್ಸಿ" ಅಂತ ಬರೆದ್ರೆ ಅದನ್ನ ತಳ್ಳಿಹಾಕೋಕೂ ಅವರು ಕಾರಣ ಕೊಡ್ಬೇಕಾಗುತ್ತೆ.

ಡ್ರೋನ್‌ನೋರನ್ನ ಬಿಟ್ಟು ಪ್ಲೇನ್‌ನೋರಿಗೆ ಮಾತ್ರ ವಿನಾಯಿತಿ ಕೊಡಿ ಅಂತ ಕೇಳೋ ಆಸೆ ಹಳಬರಿಗಿದೆ, ಅದನ್ನ ಬಿಡಿ. ನಾಲ್ಕು ಮೋಟರ್ ಇದ್ರೆ ಅಪಾಯ, ಒಂದಿದ್ರೆ ಇಲ್ಲ ಅನ್ನೋದು ಮೇಲಿನ ಜೌಲ್ ಲೆಕ್ಕದ ಮುಂದೆ ನಿಲ್ಲಲ್ಲ. ಕಣ್ಣಳತೆ ಒಳಗೆ, ಗುರುತಾದ ಫೀಲ್ಡಲ್ಲಿ, ಯಾವುದೇ ಮಾಡೆಲ್ ಹಾರಿಸೋರಿಗೆ ಅಂತ ಕೇಳಿ, ಆಗ ಎಫ್‌ಪಿವಿ ಹುಡುಗ್ರೂ ನಿಮ್ಮ ಜೊತೆ ಸಹಿ ಹಾಕ್ತಾರೆ.

ಫೀಲ್ಡಲ್ಲಿ ಒಂದು ನೋಟ್‌ಬುಕ್ ಇಡಿ: ತಾರೀಕು, ಯಾರು, ಯಾವ ಮಾಡೆಲ್, ಫೇಲ್‌ಸೇಫ್ ಟೆಸ್ಟ್ ಆಯ್ತಾ, ಸ್ಪಾಟರ್ ಯಾರು, ಏನಾದ್ರೂ ಕ್ರ್ಯಾಶ್ ಆಗಿದ್ರೆ ಯಾಕೆ. ಕ್ರ್ಯಾಶ್ ಮುಚ್ಚಿಡ್ಬೇಡಿ, ಕಾರಣ ಮತ್ತು ಆಮೇಲೆ ಏನ್ ಬದಲಾಯ್ಸಿದ್ರಿ ಅನ್ನೋದು ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಬೆಲೆ ಬಾಳೋ ಸಾಲು. ಆಕ್ಷೇಪಣೆ ಕಳ್ಸೋವಾಗ ಹೆಸರು ಮುಚ್ಚಿ ಆರು ತಿಂಗಳ ಪುಟಗಳ ಕಾಪಿ, ಫ್ಲೈಟ್ ಲೈನ್ ಗುರುತು ಮಾಡಿದ ಫೀಲ್ಡಿನ ನಕ್ಷೆ ಎರಡನ್ನೂ ಜೊತೆಗಿಡಿ, ಕೊನೇ ದಿನದವರೆಗೂ ಕಾಯದೆ ಕಳ್ಸಿ, ಸ್ವೀಕೃತಿ ನಂಬರ್ ಅದೇ ನೋಟ್‌ಬುಕ್ಕಲ್ಲಿ ಬರೆದಿಟ್ಕೊಳ್ಳಿ.